ಗೀಸರ್ ಸರ್ವಿಸ್ ಮಾಡಿಸಿದರೆ ಕರೆಂಟ್ ಬಿಲ್ ಇಳಿಯುತ್ತದೆಯೇ?

ಪ್ರಶ್ನೆ: ಬಾಡಿಗೆ ಮನೆ ಬಿಟ್ಟು ಸ್ವಂತ ಮನೆಗೆ ಬಂದು ಎಂಟು ತಿಂಗಳಾಯಿತು. ನಾವು ನಾಲ್ಕು ಜನ. ಹಿಂದಿನ ಮಾಲೀಕರು ಬಿಟ್ಟುಹೋದ 25 ಲೀಟರಿನ, 2 ಕಿಲೋವ್ಯಾಟಿನ ಗೀಸರ್ ಇದೆ. ಐದು ವರ್ಷ ಹಳೆಯದು, ಒಮ್ಮೆಯೂ ಬಿಚ್ಚಿಸಿಲ್ಲವಂತೆ. ನಮ್ಮದು ಬೋರ್‌ವೆಲ್ ನೀರು. ಬಿಸಿಯಾಗುವಾಗ ಒಳಗೆ ಕಲ್ಲು ಉರುಳಿದಂತೆ ಸದ್ದು ಬರುತ್ತದೆ. ವಾಲ್ವಿನಿಂದ ನೀರು ತೊಟ್ಟಿಕ್ಕುತ್ತದೆ. ಒದ್ದೆ ಕೈಯಲ್ಲಿ ನಲ್ಲಿ ಮುಟ್ಟಿದರೆ ಒಮ್ಮೊಮ್ಮೆ ಜುಮ್ಮೆನ್ನುತ್ತದೆ. ಹಳೆಯ ಮನೆಗಿಂತ ತಿಂಗಳಿಗೆ ಸುಮಾರು 110 ಯೂನಿಟ್ ಹೆಚ್ಚು ಓಡುತ್ತಿದೆ. ಅಲ್ಲಿ ಬಕೆಟ್ ಸ್ನಾನವಿತ್ತು, ಇಲ್ಲಿ ದೊಡ್ಡ ಶವರ್ ಹಾಕಿಸಿದೆವು; ಆದರೆ ಒಬ್ಬರ ಸ್ನಾನ ಮುಗಿಯುವ ಮೊದಲೇ ತಣ್ಣೀರು ಬರುತ್ತದೆ. ನೋಡಲು ಬಂದ ಮೆಕ್ಯಾನಿಕ್, "ಸುಣ್ಣ ಕಟ್ಟಿದೆ, ಅದಕ್ಕೇ ಬಿಲ್ ಜಾಸ್ತಿ. ವರ್ಷಕ್ಕೊಮ್ಮೆ ಕಾಯಿಲ್ ಬದಲಿಸಬೇಕು, ವಾರ್ಷಿಕ ಒಪ್ಪಂದ ಮಾಡಿಕೊಳ್ಳಿ" ಎಂದರು. ಪಕ್ಕದ ಮನೆಯವರು, "ಆಗಾಗ ಆಫ್ ಮಾಡಿ ಆನ್ ಮಾಡಿದರೇ ಖರ್ಚು ಹೆಚ್ಚು, ಇಡೀ ದಿನ ಆನ್ ಇರಲಿ" ಎಂದರು. ಈಗ ಹಾಗೇ ಮಾಡುತ್ತಿದ್ದೇವೆ. ಮನೆ ಸಾಲದ ಕಂತಿನ ನಡುವೆ ಮೊದಲು ಯಾವುದಕ್ಕೆ ದುಡ್ಡು ಹಾಕಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಬಿಲ್ಲಿನ ಚಿಂತೆಯೇ ದೊಡ್ಡದಾಗಿ ಕಾಣುತ್ತದೆ. ಆದರೆ ನಡುವೆ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ "ಜುಮ್ಮೆನ್ನುತ್ತದೆ" ಎಂಬ ಮಾತಿಗೆ ಮೊದಲು ಉತ್ತರಿಸುತ್ತೇನೆ. ಅದು ಸರಿಯಾಗುವವರೆಗೆ ಆ ಗೀಸರನ್ನು ಬಳಸಬೇಡಿ. ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ. ಒಂಟಿ ಸ್ವಿಚ್ ಒಂದು ತಂತಿಯನ್ನಷ್ಟೇ ಕಡಿಯುತ್ತದೆ. ಸಾಕೆಟ್ಟಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದ್ದರೆ ಸ್ವಿಚ್ ಆರಿದ ಮೇಲೂ ಕಾಯಿಲ್‌ನಲ್ಲಿ ಕರೆಂಟ್ ನಿಂತೇ ಇರುತ್ತದೆ.

ಜುಮ್ಮೆನ್ನುವುದಕ್ಕೆ ಒಂದಲ್ಲ, ಎರಡು ದೋಷ ಒಟ್ಟಿಗೆ ಇರಬೇಕು. ನಾವು ಕಾಯಿಲ್ ಎನ್ನುವುದು ಹೊರಗೆ ಲೋಹದ ಕೊಳವೆ, ಒಳಗೆ ನೈಕ್ರೋಮ್ ತಂತಿ, ಎರಡರ ನಡುವೆ ಒತ್ತಿ ತುಂಬಿದ ಮೆಗ್ನೀಸಿಯಂ ಆಕ್ಸೈಡ್ ಪುಡಿ. ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಪುಡಿ ತೇವ ಹೀರಿ, ಕರೆಂಟ್ ನೀರಿಗೆ ಸೋರುತ್ತದೆ. ಅರ್ಥಿಂಗ್ ಸರಿಯಿದ್ದರೆ ಆ ಕರೆಂಟ್ ಅರ್ಥ್ ತಂತಿ ಹಿಡಿದು ಹೋಗುತ್ತದೆ, ಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ ಆರ್‌ಸಿಸಿಬಿ ಎಂಬ ಸ್ವಿಚ್ ಕೂಡಲೇ ಬೀಳುತ್ತದೆ. ನಿಮ್ಮ ಕೈಗೆ ತಾಗಿತು ಎಂದರೆ ಸೋರಿಕೆಯೂ ಇದೆ, ಅದನ್ನು ಹಿಡಿಯಬೇಕಾದ ಅರ್ಥಿಂಗ್ ಅಥವಾ ಆರ್‌ಸಿಸಿಬಿ ಕೆಲಸ ಮಾಡುತ್ತಿಲ್ಲ ಎಂದರ್ಥ. "ಎಂಸಿಬಿ ಇದೆಯಲ್ಲ" ಎಂದು ಬಹಳ ಜನ ಸಮಾಧಾನ ಪಟ್ಟುಕೊಳ್ಳುತ್ತಾರೆ. 16 ಆಂಪಿಯರಿನ ಎಂಸಿಬಿ ವೈರಿಂಗ್ ಸುಡದಂತೆ ಕಾಯುತ್ತದೆಯೇ ಹೊರತು ಮನುಷ್ಯನನ್ನಲ್ಲ. ಒಂದು ಆಂಪಿಯರಿನ ಹತ್ತನೇ ಒಂದು ಭಾಗ ಪ್ರಾಣ ತೆಗೆಯಬಲ್ಲದು. ಅಷ್ಟಕ್ಕೆ ಎಂಸಿಬಿ ಅಲುಗುವುದೂ ಇಲ್ಲ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ನಿಮ್ಮ ಮೊದಲ ಖರ್ಚು ಅದು. ಇದ್ದರೆ ಅದರ ಮೇಲಿನ ಟೆಸ್ಟ್ ಗುಂಡಿ ಒತ್ತಿ ನೋಡಿ, ಬೀಳದಿದ್ದರೆ ಬದಲಿಸಿ.

ಎಲೆಕ್ಟ್ರಿಷಿಯನ್ ಬಂದಾಗ ಮೂರು ಅಳತೆ ಕೇಳಿ. ಸಾಕೆಟ್ಟಿನಲ್ಲಿ ಫೇಸ್‌ನಿಂದ ಅರ್ಥ್‌ಗೆ ಸಿಗುವ ವೋಲ್ಟೇಜ್ ಫೇಸ್‌ನಿಂದ ನ್ಯೂಟ್ರಲ್‌ಗೆ ಸಿಗುವಷ್ಟೇ ಇರಬೇಕು. ಮೂರನೇ ತೂತು ಇದ್ದ ಮಾತ್ರಕ್ಕೆ ಅದರ ಹಿಂದೆ ತಂತಿ ಇರಲೇಬೇಕೆಂದಿಲ್ಲ. ಗೀಸರ್ ಪ್ಲಗ್ ಕಿತ್ತು, ಅದರ ಫೇಸ್ ಪಿನ್ನಿಗೂ ಗೀಸರಿನ ಮೈಗೂ ನಡುವೆ 500 ವೋಲ್ಟಿನ ಮೆಗ್ಗರ್ (ಸೋರಿಕೆ ಪತ್ತೆಹಚ್ಚುವ ಮೀಟರ್) ಹಿಡಿದಾಗ ಕನಿಷ್ಠ 1 ಮೆಗಾಓಮ್ ತೋರಬೇಕು. ಇನ್ನೊಂದು ಕಾಯಿಲ್‌ನ ರೆಸಿಸ್ಟೆನ್ಸ್: 230 ವೋಲ್ಟಿನಲ್ಲಿ 2 ಕಿಲೋವ್ಯಾಟಿನ ಕಾಯಿಲ್‌ಗೆ ಸುಮಾರು 26 ಓಮ್ ಬರಬೇಕು. ಏನೂ ತೋರದಿದ್ದರೆ ತಂತಿ ಕಡಿದಿದೆ. 26 ಓಮ್ ಸರಿಯಾಗಿ ಬಂದು ಮೆಗ್ಗರ್ ಮಾತ್ರ ಕೆಳಗಿಳಿದರೆ ಕಾಯಿಲ್ ನೀರು ಕಾಯಿಸುತ್ತಲೇ ಸೋರುತ್ತಿದೆ. ಅಪಾಯದ ಸ್ಥಿತಿ ಇದೇ, ಏಕೆಂದರೆ ನೀರು ಬಿಸಿಯಾಗುತ್ತಿರುವುದರಿಂದ ಮನೆಯವರಿಗೆ ಅನುಮಾನವೇ ಬರುವುದಿಲ್ಲ.

ಈಗ ಬಿಲ್ಲಿಗೆ ಬರೋಣ. ಸುಣ್ಣ ಕಟ್ಟಿದ್ದರಿಂದಲೇ ಬಿಲ್ ಏರಿದೆ ಎಂಬ ಮಾತು ತಪ್ಪು. ಕಾಯಿಲ್ ನೀರೊಳಗೆ ಮುಳುಗಿದೆ. ಅದು ಎಳೆದುಕೊಂಡ ಕರೆಂಟೆಲ್ಲ ಶಾಖವಾಗಿ ನೀರಿಗೇ ಸೇರಬೇಕು, ಬೇರೆಡೆ ಹೋಗಲು ದಾರಿಯಿಲ್ಲ. ಸುಣ್ಣದ ಪೊರೆ ಶಾಖವನ್ನು ನುಂಗುವುದಿಲ್ಲ, ತಡೆದು ನಿಲ್ಲಿಸುತ್ತದೆ ಅಷ್ಟೇ. ತಡೆದಷ್ಟೂ ಕಾಯಿಲ್‌ನ ಮೈ ಅತಿಯಾಗಿ ಕಾಯುತ್ತದೆ, ಕೊಳವೆ ಬಿರಿಯುತ್ತದೆ. ಹಾಗಾಗಿ ಸುಣ್ಣ ಗೀಸರಿನ ಆಯಸ್ಸು ತಿನ್ನುತ್ತದೆ, ಯೂನಿಟ್ಟನ್ನಲ್ಲ. ಒಲೆಯಂತೆ ಹೊರಗಿನಿಂದ ಉರಿ ಕೊಡುವ ಗ್ಯಾಸ್ ಬಾಯ್ಲರಿನಲ್ಲಿ ಲೆಕ್ಕ ಬೇರೆ, ಅಲ್ಲಿ ತಡೆದ ಶಾಖ ಚಿಮಣಿ ಹಿಡಿದು ಹೋಗುತ್ತದೆ. ಆ ಮಾತನ್ನು ಕರೆಂಟ್ ಗೀಸರಿಗೂ ಹಚ್ಚುವುದರಿಂದಲೇ ಈ ಗೊಂದಲ.

ಇಡೀ ದಿನ ಆನ್ ಇಡುವುದು ಅಗ್ಗ ಎಂಬುದೂ ಸರಿಯಲ್ಲ. ಬಿಸಿ ನೀರು ಸುಮ್ಮನೆ ನಿಂತಿರುವಾಗಲೂ ಹೊರಗಿನ ಗಾಳಿಗೆ ಶಾಖ ಬಿಡುತ್ತಲೇ ಇರುತ್ತದೆ. ಹೆಚ್ಚು ಹೊತ್ತು ಬಿಸಿಯಿದ್ದಷ್ಟೂ ನಷ್ಟ ಹೆಚ್ಚು. ನಿಮ್ಮ ಗಾತ್ರದ ಗೀಸರಿಗೆ ಹೊದಿಕೆಯ ಗುಣ ನೋಡಿಕೊಂಡು ಇದು ದಿನಕ್ಕೆ ಅರ್ಧದಿಂದ ಒಂದು ಯೂನಿಟ್. ಆನ್ ಮಾಡಿದ ಕ್ಷಣಕ್ಕೆಂದು ವಿಶೇಷ ಖರ್ಚು ಯಾವುದೂ ಇಲ್ಲ.

ಹಾಗಾದರೆ 110 ಯೂನಿಟ್ ಎಲ್ಲಿ ಹೋಯಿತು? ಮನೆಯಲ್ಲೇ ಲೆಕ್ಕ ಹಾಕಬಹುದು: ಎಷ್ಟು ಲೀಟರ್ ನೀರು, ಎಷ್ಟು ಡಿಗ್ರಿ ಏರಬೇಕು, ಎರಡನ್ನೂ ಗುಣಿಸಿ 860ರಿಂದ ಭಾಗಿಸಿ. ಬಂದದ್ದು ಯೂನಿಟ್. ನಲ್ಲಿ ನೀರು 25 ಡಿಗ್ರಿ, ಮೈಗೆ ಹಿತವಾದದ್ದು 40 ಡಿಗ್ರಿ ಎಂದಿಟ್ಟುಕೊಳ್ಳೋಣ. 20 ಲೀಟರಿನ ಒಂದು ಬಕೆಟ್ಟಿಗೆ 15 ಡಿಗ್ರಿ ಏರಿಸಲು 0.35 ಯೂನಿಟ್. ನಾಲ್ಕು ಜನರಿಗೆ ದಿನಕ್ಕೆ 1.4, ತಿಂಗಳಿಗೆ 42. ದೊಡ್ಡ ಶವರ್ ನಿಮಿಷಕ್ಕೆ 12 ಲೀಟರ್ ಸುರಿಯುವುದು ಸಾಮಾನ್ಯ. ಐದೇ ನಿಮಿಷ ನಿಂತರೂ 60 ಲೀಟರ್, ಅಂದರೆ 1.05 ಯೂನಿಟ್. ನಾಲ್ಕು ಜನರಿಗೆ ತಿಂಗಳಿಗೆ 126. ವ್ಯತ್ಯಾಸ 84 ಯೂನಿಟ್. ಅದಕ್ಕೆ ಇಡೀ ದಿನ ಆನ್ ಇಟ್ಟದ್ದರ 20-25 ಯೂನಿಟ್ ಸೇರಿಸಿ. ನೀವು ಬರೆದ ಅಂಕಿಗೆ ಬಂದು ಮುಟ್ಟಿತು.

ತಣ್ಣೀರು ಬೇಗ ಬರುವುದಕ್ಕೂ ಉತ್ತರ ಇಲ್ಲೇ ಇದೆ. 60 ಡಿಗ್ರಿಯ 25 ಲೀಟರ್ ನೀರಿಗೆ ತಣ್ಣೀರು ಬೆರೆಸಿದರೆ 40 ಡಿಗ್ರಿಯ ನೀರು ಹೆಚ್ಚೆಂದರೆ 58 ಲೀಟರ್ ಆಗುತ್ತದೆ. ನಿಮಿಷಕ್ಕೆ 12 ಲೀಟರ್ ಸುರಿದರೆ ಅದು ಐದು ನಿಮಿಷದ ಸರಕು. ಮತ್ತೆ ತುಂಬಿದ 25 ಲೀಟರ್ ತಣ್ಣೀರು 60 ಡಿಗ್ರಿಗೆ ಬರಲು 2 ಕಿಲೋವ್ಯಾಟಿನ ಕಾಯಿಲ್‌ಗೆ ಅರ್ಧ ಗಂಟೆ ಬೇಕು. ತಳದಲ್ಲಿ ಕೂತ ಸುಣ್ಣವೂ ಒಂದಿಷ್ಟು ಜಾಗ ತಿಂದಿದೆ ನಿಜ, ಆದರೆ ಸರ್ವಿಸ್ ಮಾಡಿಸಿದ ಮೇಲೂ ಈ ಗೀಸರ್ ಆ ಶವರಿಗೆ ಈಡಾಗದು. ಬೇಕಿದ್ದರೆ ಅಳೆದು ನೋಡಿ. ಶವರಿನ ಕೆಳಗೆ ಬಕೆಟ್ ಇಟ್ಟು 10 ಲೀಟರ್ ತುಂಬಲು ಎಷ್ಟು ಸೆಕೆಂಡ್ ಎಂದು ಎಣಿಸಿ. 50 ಸೆಕೆಂಡಾದರೆ ನಿಮಿಷಕ್ಕೆ 12 ಲೀಟರ್. ನಿಮಿಷಕ್ಕೆ 6 ಲೀಟರ್ ಬಿಡುವ ಶವರ್ ತಲೆ ಅಥವಾ ಪೈಪಿನಲ್ಲಿ ಕೂರಿಸುವ ಚಿಕ್ಕ ತಡೆಬಿಲ್ಲೆ ಹಾಕಿಸಿದರೆ 126 ಇದ್ದದ್ದು 63ಕ್ಕೆ ಇಳಿಯುತ್ತದೆ. ಧಾರೆ ಸಣ್ಣದಾಯಿತೆಂದು ಮೊದಲ ವಾರ ಬೇಸರವಾಗಬಹುದು. ಆದರೆ ಇದಕ್ಕಿಂತ ಕಡಿಮೆ ದುಡ್ಡಿಗೆ ಇಷ್ಟು ಯೂನಿಟ್ ಉಳಿಸುವ ಇನ್ನೊಂದು ದಾರಿ ನಿಮ್ಮ ಮನೆಯಲ್ಲಿ ಇರಲಾರದು.

ಗೀಸರೇ ಹೆಚ್ಚು ಎಳೆಯುತ್ತಿದೆ ಎಂಬ ಅನುಮಾನ ಉಳಿದಿದ್ದರೆ, ರಿಪೇರಿಯಾದ ಮೇಲೆ ಮೀಟರಿನ ಮುಂದೆ ಒಂದು ನಿಮಿಷ ನಿಲ್ಲಿ. ಮನೆಯ ಬೇರೆಲ್ಲ ಆರಿಸಿ ಗೀಸರ್ ಮಾತ್ರ ಓಡುತ್ತಿರಲಿ. ಮೀಟರಿನ ಮುಖದ ಮೇಲೆ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಬರೆದಿರುತ್ತದೆ. 3200 ಎಂದಿದ್ದರೆ 2 ಕಿಲೋವ್ಯಾಟಿಗೆ ಕೆಂಪು ದೀಪ ನಿಮಿಷಕ್ಕೆ ಸುಮಾರು 107 ಸಲ ಮಿಣುಕಬೇಕು, 1600 ಎಂದಿದ್ದರೆ 53 ಸಲ. ವೋಲ್ಟೇಜ್ ಏರಿಳಿತಕ್ಕೆ ತಕ್ಕಂತೆ ಕೊಂಚ ಆಚೀಚೆ ಆಗಬಹುದು. ಗೀಸರಿನ ಪ್ಲಗ್ಗನ್ನೂ ಕಿತ್ತ ಮೇಲೆ ದೀಪ ಮಿಣುಕುತ್ತಲೇ ಇದ್ದರೆ ಹೆಚ್ಚುವರಿ ಯೂನಿಟ್ ಬೇರೆಲ್ಲೋ ಹೋಗುತ್ತಿದೆ, ಅದನ್ನು ಹುಡುಕಿಸಿ.

ಇಷ್ಟೆಲ್ಲ ಹೇಳಿದ್ದಕ್ಕೆ ಸರ್ವಿಸ್ ಬೇಡ ಎಂದುಕೊಳ್ಳಬೇಡಿ. ನಿಮ್ಮ ಗೀಸರಿಗೆ ಅದು ತಡವಾಗಿದೆ. ಲೀಟರಿಗೆ 300 ಮಿಲಿಗ್ರಾಂ ಗಡಸುತನವಿರುವ ನೀರು ದಿನಕ್ಕೆ 100 ಲೀಟರ್ ಗೀಸರಿನೊಳಗೆ ಹಾದರೆ 30 ಗ್ರಾಂ ಸುಣ್ಣ ಹಾದಂತೆ. ಅದರ ಹತ್ತನೇ ಒಂದು ಭಾಗ ಒಳಗೇ ಉಳಿದರೂ ವರ್ಷಕ್ಕೆ ಒಂದು ಕಿಲೋ. ನೀವು ಕೇಳುವ ಸದ್ದು ಅದರದ್ದೇ: ಪೊರೆಯ ಅಡಿಯಲ್ಲಿ ಸಿಕ್ಕಿಬಿದ್ದ ನೀರು ಕುದಿದು ಹಬೆಯ ಗುಳ್ಳೆಯಾಗುತ್ತದೆ, ಮೇಲಿನ ತಣ್ಣೀರಿಗೆ ತಾಗಿ ಕುಸಿಯುತ್ತದೆ. ನೀರು ಬಿಸಿಯಾದಷ್ಟೂ ಸುಣ್ಣ ಬೇಗ ಬೇರ್ಪಡುವುದರಿಂದ ಎಷ್ಟು ಬಿಸಿಯಾಗಬೇಕೆಂದು ನಿಗದಿ ಮಾಡುವ ಥರ್ಮೋಸ್ಟ್ಯಾಟ್ 75 ಡಿಗ್ರಿಯಲ್ಲಿದ್ದರೆ 60ಕ್ಕೆ ಇಳಿಸಿ. ಅದಕ್ಕಿಂತ ತೀರಾ ಕೆಳಗೂ ಬೇಡ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಡೆದ ಸಮಾವೇಶವೊಂದರ ನಂತರ ಪತ್ತೆಯಾದ ಲೀಜಿಯೊನೆಲ್ಲ ಎಂಬ ಶ್ವಾಸಕೋಶದ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಬೆಳೆಯುತ್ತದೆ, 60ರಲ್ಲಿ ಸಾಯುತ್ತದೆ. ಹಾಗೆಂದು 60 ಡಿಗ್ರಿಯ ನೀರು ನೇರ ಮೈಮೇಲೆ ಬಿದ್ದರೆ ಐದಾರು ಸೆಕೆಂಡಿನಲ್ಲೇ ಚರ್ಮ ಆಳಕ್ಕೆ ಸುಡುತ್ತದೆ. ಮನೆಯಲ್ಲಿ ಮಕ್ಕಳೋ ವಯಸ್ಸಾದವರೋ ಇದ್ದರೆ ತಣ್ಣೀರಿನ ನಲ್ಲಿಯನ್ನು ಮೊದಲು ತಿರುಗಿಸುವ ಅಭ್ಯಾಸ ಬೇಕೇ ಬೇಕು.

ವಾಲ್ವಿನ ತೊಟ್ಟಿಕ್ಕುವಿಕೆಗೆ ಗಾಬರಿ ಬೇಡ, ಆದರೆ ಯಾವಾಗ ತೊಟ್ಟಿಕ್ಕುತ್ತದೆ ಎಂದು ಗಮನಿಸಿ. ಕಾದ ನೀರು ಹಿಗ್ಗುತ್ತದೆ. 25 ಲೀಟರ್ ನೀರು 25ರಿಂದ 60 ಡಿಗ್ರಿಗೆ ಏರಿದಾಗ ಸುಮಾರು 350 ಮಿಲಿಲೀಟರ್ ಹೆಚ್ಚಾಗುತ್ತದೆ. ಒಳಹರಿವಿನಲ್ಲಿ ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್ ಇದ್ದರೆ ಆ ಒಂದೂವರೆ ಲೋಟ ನೀರು ಸುರಕ್ಷಾ ವಾಲ್ವಿನಿಂದಲೇ ಹೊರಬರಬೇಕು. ಅದು ವಾಲ್ವ್ ಸರಿಯಿರುವುದರ ಗುರುತು. ಗೀಸರ್ ತಣ್ಣಗಿದ್ದಾಗಲೂ ತೊಟ್ಟಿಕ್ಕುತ್ತಿದ್ದರೆ ಒಳಗೆ ಸುಣ್ಣದ ಹರಳು ಸಿಕ್ಕಿದೆ, ಇಲ್ಲವೇ ಪ್ರೆಷರ್ ಪಂಪ್ ನೀರನ್ನು ಅತಿಯಾಗಿ ಒತ್ತುತ್ತಿದೆ. ಲಿವರ್ ಎತ್ತಿ ಬಿಟ್ಟರೆ ಹರಳು ಹೊರಟುಹೋಗಬಹುದು. ಹೋಗದಿದ್ದರೆ ವಾಲ್ವ್ ಬದಲಿಸಿ. ತೊಟ್ಟಿಕ್ಕುವುದು ನಿಲ್ಲಲೆಂದು ಅದರ ಬಾಯಿಗೆ ಪ್ಲಗ್ ಹಾಕಿಸುವವರಿದ್ದಾರೆ. ದಯವಿಟ್ಟು ಆ ಕೆಲಸಕ್ಕೆ ಒಪ್ಪಬೇಡಿ. ಥರ್ಮೋಸ್ಟ್ಯಾಟ್ ಕೈಕೊಟ್ಟ ದಿನ ಒತ್ತಡ ಹೊರಹೋಗಲು ಇರುವ ದಾರಿ ಅದೊಂದೇ. ಮುಚ್ಚಿದರೆ ಟ್ಯಾಂಕ್ ಸಿಡಿಯಬಹುದು.

ಇನ್ನು ಸರ್ವಿಸ್ ಎಂದರೇನು ಎಂಬುದು. ಹೊರಗಿನಿಂದ ಪೈಪ್ ಬಿಚ್ಚಿ ನೀರು ಹಾಯಿಸಿ ಹೋದರೆ ಅದು ಸರ್ವಿಸ್ ಅಲ್ಲ. ಪ್ಲಗ್ ಕಿತ್ತು, ನೀರು ತಣಿಯಲು ಬಿಟ್ಟು, ಒಳಹರಿವು ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದು ಟ್ಯಾಂಕ್ ಪೂರ್ತಿ ಖಾಲಿ ಮಾಡಬೇಕು. ಆಮೇಲೆ ಫ್ಲ್ಯಾಂಜ್ ಎಂಬ ದುಂಡು ಮುಚ್ಚಳದ ನಟ್ಟು ಬಿಚ್ಚಿದರೆ ಕಾಯಿಲ್ ಹೊರಬರುತ್ತದೆ. ಟ್ಯಾಂಕನ್ನು ತುಕ್ಕಿನಿಂದ ಕಾಯುವ ಆನೋಡ್ ರಾಡು ಹಲವು ಮಾದರಿಗಳಲ್ಲಿ ಅದೇ ಮುಚ್ಚಳಕ್ಕೇ ಇರುತ್ತದೆ. ಕಾಯಿಲ್‌ನ ಸುಣ್ಣವನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ ಉದುರಿಸಲು ಬಿಡಬೇಡಿ, ಕೊಳವೆ ಬಿರಿಯುವುದು ಅಲ್ಲೇ. ಲೀಟರ್ ಬೆಚ್ಚನೆಯ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ, ವೈರಿನ ತುದಿಗಳು ಒದ್ದೆಯಾಗದಂತೆ ಕಾಯಿಲ್ ಭಾಗವನ್ನಷ್ಟೇ ಒಂದು ಗಂಟೆ ಮುಳುಗಿಸಿಟ್ಟರೆ ನೊರೆ ಬಂದು ತಾನೇ ಬಿಡುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಬೇಗ ಕೆಲಸ ಮಾಡುತ್ತದೆ ನಿಜ, ಆದರೆ ತಾಮ್ರವನ್ನೂ ಸ್ಟೀಲನ್ನೂ ಕೊರೆದು ಬಿಡುತ್ತದೆ. ಟ್ಯಾಂಕಿನ ತಳದ ಪುಡಿಯನ್ನು ಕೈ ಹಾಕಿ ತೆಗೆದು, ನೀರು ತಿಳಿಯಾಗುವವರೆಗೆ ತೊಳೆಯಬೇಕು. ಮುಚ್ಚುವಾಗ ಗ್ಯಾಸ್ಕೆಟ್ ಹೊಸದೇ ಇರಲಿ. ಹಳೆಯದು ಅದುಮಿ ಚಪ್ಪಟೆಯಾಗಿರುತ್ತದೆ, ಮತ್ತೆ ಹಾಕಿದರೆ ಸೋರಿದ ನೀರು ನೇರ ವೈರಿಂಗ್ ಮೇಲೆ ಬೀಳುತ್ತದೆ. ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಕೊನೆಗೆ ನೀರು ತುಂಬಿಸಿ, ಬಿಸಿನೀರಿನ ನಲ್ಲಿಯಲ್ಲಿ ಗಾಳಿಯ ಬುಸುಗುಟ್ಟುವಿಕೆ ನಿಂತು ಧಾರೆ ಒಂದೇ ಸಮನೆ ಬಂದ ಮೇಲಷ್ಟೇ ಸ್ವಿಚ್ ಹಾಕಬೇಕು. ಖಾಲಿ ಟ್ಯಾಂಕಿನಲ್ಲಿ ಆನ್ ಮಾಡಿದರೆ ಹೊಸ ಕಾಯಿಲ್ ಕೂಡ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ.

ಇಲ್ಲಿ ಆನೋಡ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಿಮ್ಮ ಮೆಕ್ಯಾನಿಕ್ ಅದರ ಹೆಸರೇ ಎತ್ತಿಲ್ಲ. ಉಕ್ಕಿನ ಟ್ಯಾಂಕಿನ ಒಳಮೈಗೆ ಗಾಜಿನ ಲೇಪ ಇರುತ್ತದೆ. ಎಷ್ಟೇ ಚೆನ್ನಾಗಿ ಮಾಡಿದರೂ ಅದರಲ್ಲಿ ಸೂಜಿಮೊನೆಯಷ್ಟು ತೂತುಗಳು ಉಳಿಯುತ್ತವೆ. ಆ ತೂತಿನಲ್ಲಿ ಉಕ್ಕು ತುಕ್ಕು ಹಿಡಿಯುವ ಬದಲು ತಾನು ಕರಗಲೆಂದೇ ಮೆಗ್ನೀಸಿಯಂ ರಾಡನ್ನು ಇಟ್ಟಿರುತ್ತಾರೆ. ಒಂದು ಲೋಹ ಸವೆದು ಇನ್ನೊಂದನ್ನು ಉಳಿಸುವ ಈ ಉಪಾಯವನ್ನು 1824ರಲ್ಲಿ ಹಂಫ್ರಿ ಡೇವಿ ಯುದ್ಧನೌಕೆಗಳ ತಾಮ್ರದ ತಗಡನ್ನು ಸಮುದ್ರದ ನೀರಿನಿಂದ ಕಾಯಲು ಕಂಡುಕೊಂಡಿದ್ದ. ಹೊಸ ರಾಡು ಬೆರಳಿನಷ್ಟು ದಪ್ಪ, ನುಣುಪು. ಸವೆದದ್ದು ಗೆದ್ದಲು ತಿಂದ ಕೋಲಿನಂತೆ ಹಳ್ಳಬಿದ್ದು, ನಡುವಿನ ಉಕ್ಕಿನ ತಂತಿ ಹೊರಗೆ ಕಾಣುತ್ತದೆ. ದಪ್ಪ ಅರ್ಧಕ್ಕೆ ಇಳಿದರೆ ಬದಲಿಸಿ. ಲವಣ ಹೆಚ್ಚಿರುವ ಬೋರ್‌ವೆಲ್ ನೀರಿನಲ್ಲಿ ಎರಡು ವರ್ಷಕ್ಕೇ ಮುಗಿಯಬಹುದು. ಸಾಫ್ಟ್‌ನರ್ ಹಾಕಿಸಿದರೆ ಸುಣ್ಣ ಕಟ್ಟುವುದು ನಿಲ್ಲುತ್ತದೆ, ಆದರೆ ರಾಡು ಇನ್ನೂ ಬೇಗ ಕರಗುತ್ತದೆ. ಬಿಸಿನೀರಿಗೆ ಮಾತ್ರ ಕೊಳೆತ ಮೊಟ್ಟೆಯ ವಾಸನೆ ಬಂದರೆ ಮೆಗ್ನೀಸಿಯಂ ಬದಲು ಅಲ್ಯೂಮಿನಿಯಂ-ಸತುವಿನ ರಾಡು ಹಾಕಿಸಬಹುದು. ಕಾಯಿಲ್ ಹೋದರೆ ಇನ್ನೊಂದು ಬರುತ್ತದೆ. ಟ್ಯಾಂಕ್ ತೂತಾದರೆ ಗೀಸರ್ ಮುಗಿದಂತೆ, ಅದಕ್ಕೆ ಬೆಸುಗೆ ನಿಲ್ಲದು.

ಪ್ರತಿ ವರ್ಷ ಕಾಯಿಲ್ ಬದಲಿಸುವ ಅಗತ್ಯವಿಲ್ಲ. ಓಮ್ ಮತ್ತು ಮೆಗ್ಗರ್ ಅಳತೆ ಸರಿಯಿದ್ದು ಕೊಳವೆಯ ಮೈ ನಯವಾಗಿದ್ದರೆ ತೊಳೆದು ಮತ್ತೆ ಹಾಕಿಸಿ. ನಿಮ್ಮದು ಈ ಸಲ ಬಹುಶಃ ಬದಲಾಗಬೇಕು, ಸೋರಿಕೆಯ ಕಾರಣಕ್ಕೆ.

ವಾರ್ಷಿಕ ಒಪ್ಪಂದಕ್ಕೆ ಈಗಲೇ ಸಹಿ ಹಾಕಬೇಡಿ. ಅನೇಕ ಒಪ್ಪಂದಗಳಲ್ಲಿ ಬಂದು ನೋಡುವ ಕೂಲಿ ಮಾತ್ರ ಸೇರಿರುತ್ತದೆ. ಕಾಯಿಲ್, ಆನೋಡ್, ಗ್ಯಾಸ್ಕೆಟ್ಟಿಗೆ ಪ್ರತ್ಯೇಕ ದುಡ್ಡು. ಟ್ಯಾಂಕನ್ನು ಸೇರಿಸುವವರು ವಿರಳ. ವರ್ಷಕ್ಕೆ ಎಷ್ಟು ಸಲ ಫ್ಲ್ಯಾಂಜ್ ಬಿಚ್ಚುತ್ತೀರಿ, ಯಾವ ಭಾಗ ಉಚಿತ, ಮೆಗ್ಗರ್ ತರುತ್ತೀರಾ, ಹಳೆಯ ಭಾಗ ನಮಗೆ ಕೊಡುತ್ತೀರಾ ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ಒಂದೇ ಗೀಸರ್ ಇರುವ ಮನೆಗೆ ಬೇಕಾದಾಗ ಕರೆಸಿ ಕೂಲಿ ಕೊಡುವುದೇ ಸಾಮಾನ್ಯವಾಗಿ ಅಗ್ಗ. ತೊಂದರೆಯೆಂದರೆ ದಿನಾಂಕ ನೀವೇ ನೆನಪಿಡಬೇಕು, ಒಳ್ಳೆಯ ಕೆಲಸಗಾರ ತಕ್ಷಣ ಸಿಗದೆ ಹೋಗಬಹುದು. ಮೂರು ನಾಲ್ಕು ಗೀಸರ್ ಇದ್ದು ನೀರು ತುಂಬ ಗಡಸಾಗಿದ್ದರೆ ಒಪ್ಪಂದಕ್ಕೆ ಅರ್ಥವಿದೆ. ಟ್ಯಾಂಕಿನ ವಾರಂಟಿ ಕೆಲವೊಮ್ಮೆ ಐದು ವರ್ಷ ಮೀರಿಯೂ ಇರುತ್ತದೆ. ಹಿಂದಿನ ಮಾಲೀಕರ ಬಳಿ ರಸೀದಿ ಕೇಳಿ ನೋಡಿ. ವಾರಂಟಿ ಉಳಿದಿದ್ದರೆ ಹೊರಗಿನವರು ಬಿಚ್ಚುವ ಮೊದಲು ಕಂಪನಿಗೇ ತಿಳಿಸಿ.

ಐದು ವರ್ಷ ಯಾರೂ ಕೈಹಾಕದ ಗೀಸರನ್ನು ಬಿಚ್ಚುವುದರಲ್ಲೂ ಒಂದು ಅಪಾಯವಿದೆ. ತುಕ್ಕು ಹಿಡಿದ ನಟ್ಟು ತಿರುಗಿಸುವಾಗ ತುಂಡಾಗಬಹುದು. ಸುಣ್ಣವೇ ಸಣ್ಣ ತೂತೊಂದನ್ನು ಮುಚ್ಚಿಕೊಂಡಿದ್ದರೆ ತೊಳೆದ ಮರುದಿನ ಸೋರಲು ಶುರುವಾಗಬಹುದು. ಆಗ ಮೆಕ್ಯಾನಿಕ್ ಕೆಡಿಸಿದ ಎನಿಸುತ್ತದೆ, ಆದರೆ ಟ್ಯಾಂಕ್ ಮೊದಲೇ ಹೋಗಿರುತ್ತದೆ. ಹಾಗಾಗಿ ಫ್ಲ್ಯಾಂಜ್ ತೆಗೆದ ಕೂಡಲೇ, ಹೊಸ ಭಾಗ ತರಿಸುವ ಮುನ್ನ, ಟಾರ್ಚ್ ಹಿಡಿದು ಒಳಗೆ ನೀವೇ ಕಣ್ಣು ಹಾಯಿಸಿ. ಗಾಜಿನ ಲೇಪ ಹೊಳೆಯುತ್ತಿದ್ದು ಅಲ್ಲಲ್ಲಿ ಕಂದು ಚುಕ್ಕೆ ಮಾತ್ರ ಇದ್ದರೆ ಕಾಯಿಲ್, ಆನೋಡ್, ಗ್ಯಾಸ್ಕೆಟ್ ಮೂರಕ್ಕೂ ಧೈರ್ಯವಾಗಿ ದುಡ್ಡು ಹಾಕಿ. ಬೆಸುಗೆಯ ಗೆರೆಯುದ್ದಕ್ಕೂ ತುಕ್ಕು ಪದರ ಪದರವಾಗಿ ಎದ್ದಿದ್ದರೆ ಒಂದು ಭಾಗವನ್ನೂ ಕೊಳ್ಳಬೇಡಿ, ಆ ದುಡ್ಡನ್ನು ಹೊಸ ಗೀಸರಿಗೆ ತೆಗೆದಿಡಿ. ಹೊಸದನ್ನು ಕೊಳ್ಳುವ ಮೊದಲು ಶವರ್ ತಲೆ ಬದಲಿಸಿ ಒಂದು ವಾರ ಬಳಸಿ ನೋಡಿ. ಇದೇ 25 ಲೀಟರಿನ ಗಾತ್ರ ಸಾಕೆನಿಸಬಹುದು.

ಗಡಸುತನ 180 ಮಿಲಿಗ್ರಾಂ ದಾಟಿದ್ದರೆ ವರ್ಷಕ್ಕೊಮ್ಮೆ, ಅದಕ್ಕಿಂತ ಕಡಿಮೆಯಿದ್ದರೆ ಎರಡು ವರ್ಷಕ್ಕೊಮ್ಮೆ ಬಿಚ್ಚಿಸಿ. ಪ್ರತಿ ಸಲ ಬಿಚ್ಚಿದ ದಿನಾಂಕ, ಆನೋಡ್ ಎಷ್ಟು ಮಿಲಿಮೀಟರ್ ಉಳಿದಿತ್ತು, ಮೆಗ್ಗರ್ ಎಷ್ಟು ತೋರಿತು ಎಂಬುದನ್ನು ಗೀಸರಿನ ಮೈಮೇಲೇ ಮಾರ್ಕರಿನಲ್ಲಿ ಬರೆಸಿಡಿ. ಮುಂದೆ ಯಾವ ಮೆಕ್ಯಾನಿಕ್ ಬಂದರೂ ಮಾತು ಆ ಅಂಕಿಗಳಿಂದಲೇ ಶುರುವಾಗುತ್ತದೆ.